ಸ್ಕೂಟರಿನ ವೇಗ, ದೌಂಡದ ಗಾಳಿ

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗಿಬಂದ ಹಳಬರಿಗೆ ದೌಂಡ ಗೊತ್ತು. ಕಲಬುರಗಿ, ಸೊಲ್ಲಾಪುರ ದಾಟಿ ಬಂದ ಗಾಡಿ ಇಲ್ಲಿ ನಿಂತು, ಎಂಜಿನ್ ಕಳಚಿ ಹಿಂಬದಿಗೆ ಜೋಡಿಸಿಕೊಂಡು, ಬಂದ ದಿಕ್ಕಿಗೇ ಮುಖ ಮಾಡಿ ಅಹ್ಮದನಗರದ ಹಳಿ ಹಿಡಿಯುತ್ತಿತ್ತು. ಈಗ ಊರ ಹೊರಗೆ ಅಡ್ಡಹಳಿ ಹಾಕಿದ್ದರಿಂದ ಆ ಕೆಲಸ ತಪ್ಪಿದೆ. ಊರ ಪಕ್ಕದಲ್ಲಿ ಹರಿಯುವುದು ನಮ್ಮ ಗಾಣಗಾಪುರಕ್ಕೆ ಬರುವ ಅದೇ ಭೀಮೆ.

ನನ್ನ ಸೋದರಳಿಯ ದೌಂಡದಲ್ಲಿ ಮನೆ ಮಾಡಿಕೊಂಡು ಕುರಕುಂಭದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೊಮ್ಮೆ ಪುಣೆಗೆ ಹೋಗಿ ಬರುತ್ತಾನೆ. ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್: ಮೊದಲು ಪಾಟಸ, ಅಲ್ಲಿಂದ ಸೊಲ್ಲಾಪುರ–ಪುಣೆ ಹೆದ್ದಾರಿ, ಯವತ, ಉರುಳಿ ಕಾಂಚನ, ಲೋಣಿ, ಹಡಪಸರ. ಹೋದ ಬೇಸಿಗೆಯಲ್ಲಿ ಫೋನ್ ಮಾಡಿ, "ಮಾಮಾ, ನೂರಕ್ಕ ಹೋಗೂ ಸ್ಕೂಟರ್ ಯಾವದು ಹೇಳ್ರಿ, ತಗೋತೀನಿ" ಅಂದ. ನೂರಕ್ಕೆ ಹೋಗುವುದು ಬೇರೆ, ಒಂದು ತಾಸು ಒಂದೇ ಹದದಲ್ಲಿ ಹೋಗುವುದು ಬೇರೆ ಎಂದು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೇಳಿದ್ದು ದೌಂಡದಿಂದ ಎನ್ನುವುದು ನನಗೆ ಖುಷಿ ಕೊಟ್ಟಿತು. ಭಾರತದ ಸ್ಕೂಟರ್ ಚರಿತ್ರೆಯ ಮೂರು ಕಾರ್ಖಾನೆಗಳ ನಡುವೆ ಈ ಜಂಕ್ಷನ್ ಕೂತಿದೆ. ಪಶ್ಚಿಮಕ್ಕೆ, ಪುಣೆಯ ಆಚೆ ಆಕುರ್ಡಿಯಲ್ಲಿ ಬಜಾಜ್. 1972ರಲ್ಲಿ ಚೇತಕ್ ಬಂತು, 2009ರ ಕೊನೆಗೆ ಕಂಪನಿ ಸ್ಕೂಟರ್ ಬಿಡುವುದಾಗಿ ಸಾರಿತು, 2020ರಲ್ಲಿ ಅದೇ ಹೆಸರು ವಿದ್ಯುತ್ ಗಾಡಿಯಾಗಿ ಮರಳಿತು. ಉತ್ತರಕ್ಕೆ ಅಹ್ಮದನಗರದಲ್ಲಿ ಕೈನೆಟಿಕ್, ಲೂನಾ ಹುಟ್ಟಿದ ಜಾಗ. ದಕ್ಷಿಣಕ್ಕೆ, ದೌಂಡದಿಂದಲೇ ಕವಲೊಡೆಯುವ ರೈಲುಹಳಿಯ ತುದಿಯಲ್ಲಿ ಬಾರಾಮತಿ. ಅಲ್ಲಿನ ಪಿಯಾಜಿಯೊ ಕಾರ್ಖಾನೆಯಿಂದ 2012ರಲ್ಲಿ ವೆಸ್ಪಾ, 2016ರಲ್ಲಿ 14 ಇಂಚಿನ ಚಕ್ರದ ಎಪ್ರಿಲಿಯಾ ಎಸ್‌ಆರ್ 150 ಹೊರಬಂದವು.

ಸ್ಕೂಟರನ್ನು ಹಿಡಿದು ನಿಲ್ಲಿಸುವುದು ಗಾಳಿ. ಬೈಕಿನವನು ಟ್ಯಾಂಕಿನ ಮೇಲೆ ಬಾಗಿ ಗಾಳಿಯಿಂದ ತಪ್ಪಿಸಿಕೊಳ್ಳಬಹುದು. ಸ್ಕೂಟರಿನವನು ಕುರ್ಚಿಯ ಮೇಲೆ ಕೂತಂತೆ ನೆಟ್ಟಗೆ ಕೂತಿರುತ್ತಾನೆ, ಕಾಲ ಮುಂದೆ ಅಗಲ ತಗಡು ಬೇರೆ. 1946ರಲ್ಲಿ ವೆಸ್ಪಾ ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್, ಗಾಳಿಯ ಲೆಕ್ಕ ಚೆನ್ನಾಗಿ ಬಲ್ಲವನು. ಆದರೂ ಅವನು ಕಾಲ ಮುಂದೆ ಆ ತಗಡನ್ನಿಟ್ಟ. ಬಟ್ಟೆಗೆ ಕೆಸರು, ಎಣ್ಣೆ ತಾಗಬಾರದು, ಸೀರೆ ಉಟ್ಟವರೂ ಲಂಗ ತೊಟ್ಟವರೂ ಹತ್ತಿ ಇಳಿಯುವಂತಿರಬೇಕು ಎಂಬುದು ಸ್ಕೂಟರ್ ಜಾತಿಯ ಹುಟ್ಟುಗುಣ. 98 ಸಿಸಿಯ ಆ ಮೊದಲ ವೆಸ್ಪಾ ಗಂಟೆಗೆ 60 ಕಿಲೋಮೀಟರ್ ಓಡುತ್ತಿತ್ತು. ಅವತ್ತಿನ ಇಟಲಿಗೆ ಅಷ್ಟು ಸಾಕಿತ್ತು.

ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಎರಡರಷ್ಟು ವೇಗದಲ್ಲಿ ನೂಕಬೇಕಾದ್ದರಿಂದ ಬೇಕಾಗುವ ಶಕ್ತಿ ಎಂಟರಷ್ಟು. ಟೈರು ರಸ್ತೆಗೆ ಉಜ್ಜಿ ತಿನ್ನುವ ಶಕ್ತಿ ಇದಕ್ಕೆ ಸೇರಿಕೊಳ್ಳುತ್ತದೆ. ಗಾಡಿ, ಸವಾರ ಇಬ್ಬರೂ ಸೇರಿ 185 ಕಿಲೋ ಎಂದಿಟ್ಟುಕೊಂಡು ನಾನು ಹಾಕಿದ ಲೆಕ್ಕದಲ್ಲಿ, ಗಾಳಿಯಿಲ್ಲದ ದಿನ ಸಮತಟ್ಟು ರಸ್ತೆಯಲ್ಲಿ 60ರಲ್ಲಿ ಓಡಲು ಚಕ್ರಕ್ಕೆ ಸುಮಾರು 2.1 ಕಿಲೋವ್ಯಾಟ್ ಸಾಕು. 80ಕ್ಕೆ 4.3 ಬೇಕು. ನೂರಕ್ಕೆ 8. ಅರವತ್ತರಿಂದ ನೂರಕ್ಕೆ ಹೋಗಲು ವೇಗ ಮುಕ್ಕಾಲು ಪಾಲೂ ಹೆಚ್ಚಿಲ್ಲ, ಶಕ್ತಿ ಮಾತ್ರ ನಾಲ್ಕರ ಹತ್ತಿರ ಹತ್ತಿರ ಹೋಗಿದೆ.

ಈಗ ಆಕ್ಟಿವಾದಂಥ 110 ಸಿಸಿಯ ಗಾಡಿ ನೋಡೋಣ. ಅದರ ಎಂಜಿನ್ ಕೊಡುವುದು ಸುಮಾರು 7.8 ಅಶ್ವಶಕ್ತಿ, ಅಂದರೆ 5.7 ಕಿಲೋವ್ಯಾಟ್. ಬೆಲ್ಟು, ಕ್ಲಚ್ಚು, ಹಿಂದಿನ ಗೇರುಗಳು ಕಾಲು ಪಾಲಿನಷ್ಟನ್ನು ನುಂಗಿ ಚಕ್ರಕ್ಕೆ ಮುಟ್ಟಿಸುವುದು 4.3. ಆದ್ದರಿಂದ ಆ ಗಾಡಿಯ ಗರಿಷ್ಠ ವೇಗ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಷ್ಟು ತಿರುವಿದರೂ ಅಲ್ಲಿಂದ ಮುಂದೆ ಹೋಗದು. 9ರಿಂದ 9.5 ಅಶ್ವಶಕ್ತಿಯ 125 ಸಿಸಿಗಳು 85–90ಕ್ಕೆ ತಲುಪುತ್ತವೆ, ಸವಾರ ತೆಳ್ಳಗಿದ್ದು ತಲೆ ತಗ್ಗಿಸಿದರೆ ಇನ್ನೆರಡು ಮೂರು. 11 ಅಶ್ವಶಕ್ತಿಯ 160 ಸಿಸಿ ಗಾಡಿಗಳು 90–95. ನಿಜವಾದ ನೂರನ್ನು ದಾಟಲು ಯಮಹಾ ಏರಾಕ್ಸ್ 155ರ ಹಾಗೆ 15 ಅಶ್ವಶಕ್ತಿ ಬೇಕು. ನಮ್ಮಲ್ಲಿ ಮಧ್ಯಮ ಗಾತ್ರ ಎನ್ನುವುದು ಇವನ್ನೇ. ಯೂರೋಪಿನವರು ಆ ಹೆಸರನ್ನು 250ರಿಂದ 400 ಸಿಸಿಯವಕ್ಕೆ ಕೊಡುತ್ತಾರೆ. 2021ರಲ್ಲಿ ಭಾರತಕ್ಕೆ ಬಂದ ಬಿಎಂಡಬ್ಲ್ಯು ಸಿ 400 ಜಿಟಿ ಆ ಬಗೆಯದು: 34 ಅಶ್ವಶಕ್ತಿ, ಗರಿಷ್ಠ 139 ಕಿಲೋಮೀಟರ್. ಶಕ್ತಿ ಆಕ್ಟಿವಾದ ನಾಲ್ಕರಷ್ಟನ್ನೂ ಮೀರಿತು, ವೇಗ ಒಂದೂಮುಕ್ಕಾಲರಷ್ಟನ್ನೂ ಮುಟ್ಟಲಿಲ್ಲ. ಮಿಕ್ಕದ್ದೆಲ್ಲ ಗಾಳಿಯ ಪಾಲು.

ಹಿಂದೆ ಒಬ್ಬರು ಕೂತರೆ ಗರಿಷ್ಠ ವೇಗ ತೀರ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಮತಟ್ಟಿನಲ್ಲಿ ಅಷ್ಟೇನೂ ಇಳಿಯುವುದಿಲ್ಲ, ಏಕೆಂದರೆ ಅವರು ಮುಂದಿನವರ ಬೆನ್ನ ಮರೆಯಲ್ಲಿರುತ್ತಾರೆ. ಏರಿನಲ್ಲಿ ಮಾತ್ರ ಆ ತೂಕ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಇಬ್ಬರನ್ನು ಹೊತ್ತ 110 ಸಿಸಿ 60ರಲ್ಲಿ ಹೋಗಬೇಕಾದರೆ ತನ್ನಲ್ಲಿರುವ ಶಕ್ತಿಯನ್ನೆಲ್ಲ ಸುರಿಯಬೇಕು.

ದೌಂಡದ ದಾರಿಯಲ್ಲಿ ಏರಿನ ಕಾಟವಿಲ್ಲ, ಗಾಳಿಯ ಕಾಟವಿದೆ. ಸಹ್ಯಾದ್ರಿಯ ಮಳೆನೆರಳಿನ ಬಯಲು ಇದು. ಜೂನ್ ಬಂತೆಂದರೆ ಮಳೆ ಘಟ್ಟದಲ್ಲೇ ಇಳಿದುಹೋಗುತ್ತದೆ, ಇಲ್ಲಿಗೆ ಬರುವುದು ಪಡುವಣದ ಒಣ ಬೀಸುಗಾಳಿ. ವಿಜಯಪುರ, ಕಲಬುರಗಿಯವರಿಗೆ ಆಷಾಢದ ಈ ಗಾಳಿಯನ್ನು ಹೇಳಿಕೊಡಬೇಕಿಲ್ಲ. ಪುಣೆ ಇರುವುದೂ ಪಡುವಣಕ್ಕೇ. ಗಂಟೆಗೆ 20 ಕಿಲೋಮೀಟರಿನ ಎದುರುಗಾಳಿಯಲ್ಲಿ 60ರಲ್ಲಿ ಹೋಗುವ ಸವಾರನ ಎದೆಗೆ ತಾಗುವುದು 80ರ ಗಾಳಿ. ಬೇಕಾಗುವ ಶಕ್ತಿ ಒಂದೂವರೆಪಟ್ಟನ್ನು ದಾಟುತ್ತದೆ. ಅದೇ 110 ಸಿಸಿ, ಅದೇ ಸವಾರ: ಪುಣೆಯ ಕಡೆ ಹೋಗುವಾಗ ಪೂರಾ ತಿರುವಿದರೂ 68ರ ಹತ್ತಿರ ನಿಂತುಬಿಡುತ್ತಾನೆ, ಸಂಜೆ ಬೆನ್ನಗಾಳಿಯಲ್ಲಿ ಮರಳುವಾಗ 90ರ ಹತ್ತಿರ ಹೋಗುತ್ತಾನೆ. ಬೆಳಿಗ್ಗೆ "ಗಾಡಿ ಎಳೀವಲ್ದು" ಎಂದು ಗ್ಯಾರೇಜಿಗೆ ಬಿಟ್ಟು, ಸಂಜೆ "ಛಲೋ ಆತು ನೋಡ್ರಿ" ಎನ್ನುವವರನ್ನು ನಾನು ಕಂಡಿದ್ದೇನೆ. ಎಂಜಿನ್ನಿನಲ್ಲಿ ಆವತ್ತು ಏನೂ ಕೆಟ್ಟಿರಲಿಲ್ಲ.

ಹಾಗಾದರೆ ಒಂದು ತಾಸು ನೆಮ್ಮದಿಯಿಂದ ಓಡುವ ವೇಗ ಎಷ್ಟು? ಇದನ್ನು ತಿಳಿಯಲು ಸ್ಕೂಟರಿನ ಎಡಮಗ್ಗುಲಿನ ಆ ಉದ್ದ ಪೆಟ್ಟಿಗೆಯೊಳಗೆ ನೋಡಬೇಕು. ಚೇತಕ್‌ನಲ್ಲಿ ಎಡಗೈ ತಿರುವಿ ನಾಲ್ಕು ಗೇರು ಹಾಕುತ್ತಿದ್ದೆವು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಆ ಕೆಲಸವನ್ನು ಒಂದು ರಬ್ಬರ್ ಬೆಲ್ಟಿಗೆ ವಹಿಸಿತು. ಇಂದಿನ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳೆಲ್ಲ ಆ ದಾರಿಯವೇ. ಮುಂದಿನ ಪುಲ್ಲಿಯಲ್ಲಿ ಎರಡು ಇಳಿಜಾರು ತಟ್ಟೆಗಳು, ಅದರ ಬೆನ್ನಿಗೆ ಸಾಮಾನ್ಯವಾಗಿ ಆರು ರೋಲರ್ ಗುಂಡುಗಳು. ಎಂಜಿನ್ ಜೋರಾಗಿ ತಿರುಗಿದಂತೆ ಗುಂಡುಗಳು ಹೊರಗೆ ಸರಿದು ತಟ್ಟೆಗಳನ್ನು ಒತ್ತುತ್ತವೆ, ಬೆಲ್ಟು ಮೇಲೇರುತ್ತದೆ, ಹಿಂದಿನ ಪುಲ್ಲಿಯಲ್ಲಿ ಅಷ್ಟೇ ಒಳಗಿಳಿಯುತ್ತದೆ. ಗೇರು ತಾನಾಗಿ ಬದಲಾಗುತ್ತಾ ಹೋಗುತ್ತದೆ. ಪೂರಾ ತಿರುವಿ ಹೊರಟಾಗ ಸ್ಕೂಟರಿನ ಸದ್ದು ಒಂದೇ ಶ್ರುತಿಯಲ್ಲಿದ್ದು ವೇಗ ಮಾತ್ರ ಏರುವುದನ್ನು ನೀವು ಕೇಳಿರಬಹುದು. ಆಗ ಕೆಲಸ ಮಾಡುತ್ತಿರುವುದು ಈ ಬೆಲ್ಟು. ಅದು ತಟ್ಟೆಯ ಅಂಚು ಮುಟ್ಟಿದ ಮೇಲೆ ಬದಲಿಸಲು ಗೇರು ಉಳಿಯುವುದಿಲ್ಲ. ಅಲ್ಲಿಂದ ಮುಂದೆ ವೇಗ ಬೇಕೆಂದರೆ ಎಂಜಿನ್ನೇ ಇನ್ನೂ ಜೋರಾಗಿ ತಿರುಗಬೇಕು, ಸದ್ದಿನ ಶ್ರುತಿ ಏರಲು ಶುರುವಾಗುತ್ತದೆ.

ಆ ಶ್ರುತಿ ಏರುವ ಜಾಗವನ್ನು ಕಿವಿ ಒಮ್ಮೆ ಗುರುತಿಸಿದರೆ ಸಾಕು, ನಿಮ್ಮ ಗಾಡಿಯ ಹದ ಸಿಕ್ಕಿತು. ಅದರ ಹತ್ತಿರವೇ ನಿಲ್ಲಬೇಕು. ಅಂಕೆಯಲ್ಲಿ ಹೇಳಬೇಕೆಂದರೆ ಗರಿಷ್ಠದ ಮುಕ್ಕಾಲು ಪಾಲಿನ ಆಸುಪಾಸು: 110 ಸಿಸಿಗೆ 55ರಿಂದ 60, 125ಕ್ಕೆ 65ರಿಂದ 70, 160ಕ್ಕೆ 70ರಿಂದ 75. ಇದರಾಚೆ ಗಾಡಿ ಓಡುವುದಿಲ್ಲವೆಂದಲ್ಲ. ಆದರೆ ಎಷ್ಟೋ ಸ್ಕೂಟರುಗಳ ಎಂಜಿನ್ನು ತಗಡಿನೊಳಗೆ ಮುಚ್ಚಿಕೊಂಡಿದ್ದು, ಒಂದು ಸಣ್ಣ ಫ್ಯಾನು ಊದುವ ಗಾಳಿಯಿಂದ ತಣಿಯಬೇಕು. ಬೆಲ್ಟಿನ ಪೆಟ್ಟಿಗೆಯೂ ಮುಚ್ಚಿದ್ದೇ. ಏಪ್ರಿಲ್‌ನ ನಲವತ್ತು ಡಿಗ್ರಿಯಲ್ಲಿ ಒಂದು ತಾಸು ಪೂರಾ ತಿರುವಿ ಹಿಡಿದರೆ ರಬ್ಬರು ಕಾಯುತ್ತದೆ, ಗುಂಡುಗಳು ಒಂದು ಮಗ್ಗುಲಿಗೆ ಸವೆಯುತ್ತವೆ. ಸವೆದ ಬೆಲ್ಟು ತಟ್ಟೆಯ ಅಂಚಿಗೆ ಏರಲಾರದು. ಹಳೆಯ ಸ್ಕೂಟರು ಎಪ್ಪತ್ತು ದಾಟದಿದ್ದರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಬೆಲ್ಟಿನ ಅಗಲ ಅಳೆಯಿಸಿ.

ಕಾನೂನಿನ ಮಾತೂ ಇದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಲ್ಲಿ ದ್ವಿಚಕ್ರಕ್ಕೆ ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ ಗರಿಷ್ಠ 80, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60. ಮುಂಬೈ–ಪುಣೆ ಎಕ್ಸ್‌ಪ್ರೆಸ್ ದಾರಿಗೆ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ.

ಅಳಿಯನ ವಿಷಯದಲ್ಲಿ ನನಗೆ ಹೆಚ್ಚು ಕಳವಳ ಇದ್ದದ್ದು ನಿಲ್ಲಿಸುವುದರ ಬಗ್ಗೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿದ್ದರೂ 60ರಲ್ಲಿ ಕಂಡು, ಎಚ್ಚೆತ್ತು, ನಿಲ್ಲಲು ಹೆಚ್ಚುಕಡಿಮೆ 40 ಮೀಟರ್ ಬೇಕು. 80ರಲ್ಲಿ 60 ಮೀಟರಿಗೂ ಮಿಗಿಲು. ಪಾಟಸದಲ್ಲಿ ಭೀಮಾ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿ ಹಿಂದೀಪವಿಲ್ಲದೆ ತೆವಳುತ್ತವೆ. ಕಬ್ಬಿನ ಹೊರೆ ಕತ್ತಲಲ್ಲಿ ಕತ್ತಲಾಗಿಯೇ ಕಾಣುತ್ತದೆ. ಸ್ಕೂಟರಿನ ದೀಪ ಅದನ್ನು ತೋರಿಸುವುದು ಎಷ್ಟು ದೂರದಿಂದ ಎಂಬುದನ್ನು ಯೋಚಿಸಿದರೆ ನನಗೆ ಎದೆ ಝಲ್ ಎನ್ನುತ್ತದೆ. ಹತ್ತು, ಹನ್ನೆರಡು ಇಂಚಿನ ಚಕ್ರ ಗುಂಡಿಯೊಳಗೆ ಇಳಿಯುವಷ್ಟು ಆಳಕ್ಕೆ ಹದಿನಾಲ್ಕು ಇಂಚಿನದು ಇಳಿಯುವುದಿಲ್ಲ. ಹಾಗಾಗಿ ಹೆದ್ದಾರಿಗೆಂದು ಗಾಡಿ ಆರಿಸುವಾಗ ಎರಡು ಅಶ್ವಶಕ್ತಿಗಿಂತ ಎರಡು ಇಂಚು ಚಕ್ರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 125 ಸಿಸಿ ಮೀರಿದ ಗಾಡಿಗೆ 2019ರಿಂದ ಎಬಿಎಸ್ ಕಡ್ಡಾಯ. ಅದೂ ದೊಡ್ಡ ಗಾಡಿ ಕೊಳ್ಳಲು ಒಳ್ಳೆಯ ಕಾರಣವೇ.

ವಿದ್ಯುತ್ ಸ್ಕೂಟರಿನ ಮಾತನ್ನೂ ಅವನು ಎತ್ತಿದ. ಬೆಂಗಳೂರಿನ ಏಥರ್ 450 ಎಕ್ಸ್ ಗರಿಷ್ಠ 90 ಓಡುತ್ತದೆ, ಅದರ ದೊಡ್ಡ ಬ್ಯಾಟರಿ 3.7 ಕಿಲೋವ್ಯಾಟ್‌ಗಂಟೆ. ದೌಂಡದಿಂದ ಪುಣೆಯ 80 ಕಿಲೋಮೀಟರಿಗೆ ಲೆಕ್ಕ ಹಾಕಿದೆ. 60ರಲ್ಲಿ ಹೋದರೆ ಚಕ್ರಕ್ಕೇ ಸುಮಾರು 2.8 ಬೇಕು, ದಾರಿಯ ನಷ್ಟ ಸೇರಿಸಿದರೂ ಹಡಪಸರ ದಾಟಬಹುದು. 80ರಲ್ಲಿ ಹೋದರೆ 4.3 ಬೇಕು, ಅಂದರೆ ಪುಣೆಗೆ ಮೊದಲೇ ಗಾಡಿ ನಿಲ್ಲುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಟ್ಯಾಂಕಿನೊಳಗೆ ಕಾಣದಂತೆ ನಡೆಯುವ ಇದೇ ಲೆಕ್ಕ ಇಲ್ಲಿ ಪರದೆಯ ಮೇಲೆ ಕಣ್ಣೆದುರೇ ಇಳಿಯುತ್ತದೆ. ಗಾಳಿಯ ಬೆಲೆಯನ್ನು ಸಾಮಾನ್ಯ ಸವಾರನಿಗೆ ಇಷ್ಟು ಚೆನ್ನಾಗಿ ಕಲಿಸಿದ ಯಂತ್ರ ಬೇರೊಂದಿಲ್ಲ.

ಕೊನೆಗೆ ಅವನು ತೆಗೆದುಕೊಂಡದ್ದು ಒಂದು 125. ತಿಂಗಳೊಳಗೆ ಫೋನು: "ಮಾಮಾ, ತೊಂಬತ್ತೆಂಟು ತೋರಿಸ್ತು!" ತೋರಿಸಿದ್ದು ನಿಜ. ಆದರೆ ಮುಳ್ಳು ನಿಜವೇಗಕ್ಕಿಂತ ಎಂದೂ ಕಡಿಮೆ ತೋರಿಸಬಾರದು, ಹೆಚ್ಚು ತೋರಿಸಿದರೆ ನಡೆದೀತು ಎಂಬುದು ಮೀಟರುಗಳ ಕುರಿತ ವಿಶ್ವಸಂಸ್ಥೆಯ ನಿಯಮ. ನಿಜವೇಗದ ಹತ್ತರಲ್ಲೊಂದು ಭಾಗ, ಮೇಲೆ 4 ಕಿಲೋಮೀಟರ್‌ವರೆಗೆ ಅವಕಾಶವಿದೆ. ನಿಜದ 80 ಮೀಟರಿನಲ್ಲಿ 92 ಆಗಿ ಕಂಡರೂ ಅದು ಕೆಟ್ಟ ಮೀಟರಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳು ಅದಕ್ಕಿಂತ ನಂಬಿಕಸ್ಥ. ಹಿಂದೆ ಕೂತವರು ಕಲ್ಲಿನಿಂದ ಕಲ್ಲಿಗೆ ಸೆಕೆಂಡು ಎಣಿಸಲಿ, 3,600ನ್ನು ಅದರಿಂದ ಭಾಗಿಸಿದರೆ ಬಂದದ್ದೇ ವೇಗ ಎಂದೆ.

ಮುಂದಿನ ಭಾನುವಾರ ಗೆಳೆಯನನ್ನು ಹಿಂದೆ ಕೂರಿಸಿಕೊಂಡು, ಪಾಟಸ ದಾಟಿ ಯವತದ ಕಡೆ ಹೊರಟ ನಸುಕಿನಲ್ಲಿ ಎಣಿಸಿದ್ದಾರೆ. ಐದು ಕಲ್ಲು, ಐದು ಸಲ. ಸಂಜೆ ಅವನ ಸಂದೇಶ ಬಂತು: "ಮುಳ್ಳು 71, ಕಲ್ಲು 55 ಸೆಕೆಂಡ್. ಅಂದ್ರ 65. ಸದ್ದೂ ಏರಿರಲಿಲ್ರಿ ಮಾಮಾ."