ಐದು ಕಿಲೋ ಮೊಳೆ

2000ದ ಜನವರಿ. ನೇಪಾಳದ ತೆರಾಯ್ ಬಯಲಿನ ಮೇಲೆ ಮಂಜು ಹೊತ್ತೇರಿದರೂ ಕದಲುತ್ತಿರಲಿಲ್ಲ. ಆ ಚಳಿಯಲ್ಲಿ ಅಮೆರಿಕದ ಎಂಐಟಿಯಿಂದ ಬಂದಿದ್ದ ವಿದ್ಯಾರ್ಥಿಗಳು ಕೈಪಂಪಿನಿಂದ ಕೈಪಂಪಿಗೆ ಅಲೆದು ಬಾಟಲಿಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಅವರಿಗಿದ್ದದ್ದು ಕೆಲವೇ ವಾರಗಳ ರಜೆ. ಬೇಸಿಗೆಯ ಹೊತ್ತಿಗೆ ಪ್ರಬಂಧ ಒಪ್ಪಿಸಿ ಪದವಿ ಮುಗಿಸಬೇಕಿತ್ತು.

ಅವರನ್ನು ಕರೆತಂದವರು ಸುಸಾನ್ ಮರ್ಕಾಟ್, ಕೊಳಚೆ ನೀರಿನ ಶುದ್ಧೀಕರಣದಲ್ಲಿ ಪಳಗಿದ್ದ ಎಂಜಿನಿಯರ್. 1998ರಲ್ಲಿ ಮಹಿಳೆ ಮತ್ತು ನೀರಿನ ಕುರಿತ ಸಮ್ಮೇಳನಕ್ಕೆಂದು ಅವರು ಕಠ್ಮಂಡುವಿಗೆ ಹೋಗಿದ್ದಾಗ, ಅಲ್ಲಿನ ಹೆಂಗಸರು ಕುಡಿಯುವ ನೀರಿನ ಕಷ್ಟ ತೋಡಿಕೊಂಡು ನೆರವು ಕೇಳಿದ್ದರು. ಆ ಮಾತನ್ನು ಅವರು ಮರೆಯಲಿಲ್ಲ.

ತೆರಾಯ್‌ನ ಸಂಕಟ ಒಳ್ಳೆಯದನ್ನು ಮಾಡಹೋಗಿ ಹುಟ್ಟಿದ್ದು. ಕೆರೆ, ತೆರೆದ ಬಾವಿಗಳ ನೀರು ಕುಡಿದು ಮಕ್ಕಳು ವಾಂತಿಭೇದಿಗೆ ಬಲಿಯಾಗುತ್ತಿದ್ದರೆಂದು ಊರೂರಿಗೆ ಕೊಳವೆಬಾವಿ ಕೊರೆಸಲಾಗಿತ್ತು. ಆ ತಿಳಿನೀರಿನಲ್ಲಿ ಆರ್ಸೆನಿಕ್ ಅಡಗಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮೈಮೇಲೆ ಕಪ್ಪು ಮಚ್ಚೆಗಳೇಳುತ್ತಿದ್ದವು, ಅಂಗೈ ಅಂಗಾಲು ಗಂಟುಗಂಟಾಗಿ ಗಡುಸಾಗುತ್ತಿದ್ದವು. ಕೊನೆಗೆ ಕ್ಯಾನ್ಸರ್ ಕೂಡ ಬರಬಹುದಿತ್ತು. ಹಳ್ಳಿಯಲ್ಲಿ ಅದನ್ನು ಹಿಡಿಯಲು ವಿದ್ಯಾರ್ಥಿಗಳಿಗಿದ್ದ ಸಾಧನ ಒಂದು ಕಾಗದದ ಪಟ್ಟಿ. ಪುಡಿ ಬೆರೆಸಿ ಮುಚ್ಚಿದ ಬಾಟಲಿಯಲ್ಲಿ ಅದು ಬೆಳ್ಳಗೇ ಉಳಿದರೆ ನೆಮ್ಮದಿ. ಹಳದಿಯಾಗಿ ಕಂದುಬಣ್ಣಕ್ಕೆ ತಿರುಗಿದರೆ ಆ ಪಂಪಿನ ನೀರು ಕುಡಿಯಲಾಗದು. ಆದರೆ ಆ ಮನೆಯವರು ಇನ್ನಾವ ನೀರು ಕುಡಿಯಬೇಕಿತ್ತು?

ಈ ಪ್ರಶ್ನೆಯ ಬೆನ್ನು ಹತ್ತಿ ಪ್ರತಿ ಜನವರಿಯೂ ಹೊಸ ತಂಡ ಬಂತು. ಬಾಂಗ್ಲಾದೇಶದಿಂದ ಬಂದ ಮೂರು ಕೊಡಗಳ ಸೋಸುಕವನ್ನು ಒಂದು ತಂಡ ಪರೀಕ್ಷಿಸಿತು. ಮೇಲಿನ ಕೊಡದಲ್ಲಿ ಕಬ್ಬಿಣದ ರಜ, ನಡುವಿನದರಲ್ಲಿ ಇದ್ದಿಲು ಮತ್ತು ಮರಳು, ಕೆಳಗಿನದರಲ್ಲಿ ಸೋಸಿದ ನೀರು. ಆರ್ಸೆನಿಕ್ ಚೆನ್ನಾಗಿಯೇ ಇಳಿಯಿತು. ಆದರೆ ದಿನ ಕಳೆದಂತೆ ರಜ ತುಕ್ಕು ಹಿಡಿದು ಕಲ್ಲಿನಂತೆ ಗಟ್ಟಿಯಾಯಿತು, ನೀರು ಇಳಿಯುವುದೇ ನಿಂತಿತು. ನೀರಿಗೆ ಪುಡಿ ಕದಡಿ ಸೋಸುವ ಇನ್ನೊಂದು ವಿಧಾನಕ್ಕೆ ದಿನದಿನವೂ ಅಳತೆ ತಪ್ಪದ ಕೈ ಬೇಕಿತ್ತು. ಬೆಳಗ್ಗೆ ಒಲೆ, ಮಗು, ಎಮ್ಮೆಗಳ ನಡುವೆ ಆ ಅಳತೆ ಹಿಡಿಯಬೇಕಾದವಳು ಮನೆಯ ಹೆಂಗಸು.

2002ರ ತಂಡದಲ್ಲಿದ್ದ ಟಾಮಿ ನ್‌ಗೈ ರೂಪಂದೇಹಿ, ನವಲ್‌ಪರಾಸಿ ಜಿಲ್ಲೆಗಳಲ್ಲಿ ಆರ್ಸೆನಿಕ್ ಹೀರುವ ಇನ್ನೊಂದು ವಸ್ತುವನ್ನು ಪರೀಕ್ಷಿಸಿದ. ಅದು ಕಡಲಾಚೆಯಿಂದ ಬರಬೇಕಾದ ಸರಕು. ಮುಗಿದರೆ ಮತ್ತೆ ಅಲ್ಲಿಂದಲೇ ತರಿಸಬೇಕು. ಪದವಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಪ್ರಬಂಧ ಒಪ್ಪಿಸಿ ಕೈತೊಳೆದುಕೊಳ್ಳಬಹುದಿತ್ತು. ಅವನು ಮತ್ತೆ ನೇಪಾಳಕ್ಕೇ ಹೋದ.

ಅಲ್ಲಿ ಅದಾಗಲೇ ಇನ್ನೊಂದು ಸೋಸುಕದ ಪರೀಕ್ಷೆ ನಡೆದಿತ್ತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಂಜ್ ರೂಪಿಸಿದ, ಮರಳು ಜಲ್ಲಿ ತುಂಬಿದ ಕಾಂಕ್ರೀಟ್ ತೊಟ್ಟಿ ಅದು. ಮರಳಿನ ನೆತ್ತಿಯ ಮೇಲೆ ಸದಾ ನಾಲ್ಕಾರು ಬೆರಳಿನಷ್ಟು ನೀರು ನಿಂತು, ಅಲ್ಲಿ ಬೆಳೆಯುವ ಜೀವಪದರ ರೋಗಾಣುಗಳನ್ನು ತಿಂದುಹಾಕುತ್ತಿತ್ತು. ಆರ್ಸೆನಿಕ್ ಮಾತ್ರ ಅದಕ್ಕೆ ದಕ್ಕುತ್ತಿರಲಿಲ್ಲ. ಕಬ್ಬಿಣದ ರಜದ ಕೊಡಕ್ಕೆ ಆರ್ಸೆನಿಕ್ ದಕ್ಕಿತ್ತು, ಆದರೆ ಕಟ್ಟಿಕೊಳ್ಳುತ್ತಿತ್ತು. ಎರಡೂ ಸೋಸುಕಗಳು ಕಣ್ಣೆದುರೇ ಇದ್ದವು. ಒಂದರ ನೆತ್ತಿಯ ಮೇಲೆ ಇನ್ನೊಂದನ್ನು ಕೂರಿಸಲು ಮಾತ್ರ ಅಷ್ಟು ಕಾಲ ಹಿಡಿಯಿತು. ತೊಟ್ಟಿಯ ಬಾಯಿಗೆ ತೂತುಗಳುಳ್ಳ ಬೋಗುಣಿ ಇಟ್ಟು, ಅದರಲ್ಲಿ ಕಬ್ಬಿಣ ತುಂಬುವುದು. ರಜದ ಬದಲು ಮೊಳೆ. ಸತು ಬಳಿಯದ, ಪೇಟೆಯ ಯಾವ ಕಬ್ಬಿಣದಂಗಡಿಯಲ್ಲೂ ತೂಕಕ್ಕೆ ಸಿಗುವ ಸಾದಾ ಮೊಳೆ, ಐದು ಕಿಲೋ. ಸುರಿದ ನೀರಿನ ರಭಸಕ್ಕೆ ಮೊಳೆಗಳು ಚೆದುರದಂತೆ ಮೇಲೊಂದು ಹಾಸು ಇಟ್ಟಿಗೆ ಚೂರು.

ನೀರು ಇಳಿಯಿತು. ಆರ್ಸೆನಿಕ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಹಿಂದೆಯೇ ಉಳಿಯಿತು. ಕಟ್ಟಿಕೊಂಡರೆ ಮರಳಿನ ಮೇಲ್ಪದರ ಕದಡಿ ಕೊಳೆ ನೀರು ಚೆಲ್ಲಿದರೆ ಸಾಕಿತ್ತು. ಆದರೆ ಕಾಂಕ್ರೀಟ್ ತೊಟ್ಟಿ ವಿಪರೀತ ಭಾರ, ಹಳ್ಳಿಯ ಹಾದಿಯಲ್ಲಿ ಸಾಗಿಸುವುದೇ ಪ್ರಯಾಸ. ಕಠ್ಮಂಡುವಿನ ಎನ್‌ಫೋ ಸಂಸ್ಥೆಯ ರೋಶನ್ ಶ್ರೇಷ್ಠ ಮತ್ತು ಸಂಗಡಿಗರ ಜೊತೆಗೂಡಿ ಅದನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿಸಲಾಯಿತು. ಹೆಸರು ಕಂಚನ್. ಕನ್ನಡದ ಕಿವಿಗೆ ಅದು ಚಿನ್ನವೆಂದು ಕೇಳಿಸಿದರೂ ನೇಪಾಳಿಯಲ್ಲಿ ಅದರರ್ಥ ತಿಳಿ, ನಿರ್ಮಲ. 2003ರಲ್ಲಿ ವಿಶ್ವ ಬ್ಯಾಂಕಿನ ಸ್ಪರ್ಧೆಯೊಂದನ್ನು ಗೆದ್ದು, ಸಾವಿರಾರು ಮನೆಗಳಿಗೆ ಅದು ಸೇರಿತು.

ಗೆಲುವು ಪೂರ್ತಿಯಾಗಿರಲಿಲ್ಲ. ಇದೇ ಬಗೆಯ ಸೋಸುಕವನ್ನು ಕಾಂಬೋಡಿಯಾದಲ್ಲಿ ಪರೀಕ್ಷಿಸಿದವರು 2009ರಲ್ಲಿ ಬೇರೆಯೇ ಫಲಿತಾಂಶ ಪ್ರಕಟಿಸಿದರು. ಅಲ್ಲಿನ ಕೆಲವು ಬಾವಿಗಳ ನೀರಿನ ಮುಂದೆ ಮೊಳೆಗಳು ಸೋತಿದ್ದವು. ಡ್ರಮ್ಮು ಅದೇ ಬಗೆಯದು, ಮೊಳೆಯೂ ಅಂಥದ್ದೇ. ಬೇರೆಯಾಗಿದ್ದದ್ದು ನೀರು.

ಉತ್ತರ ನೆಲದಡಿಯಲ್ಲಿತ್ತು. ಹಿಮಾಲಯದಿಂದ ಕೊಚ್ಚಿ ಬಂದ ಮಣ್ಣಿನ ಕಣಗಳಿಗೆ ತುಕ್ಕಿನ ಲೇಪ, ಆ ತುಕ್ಕಿಗೆ ಅಂಟಿದ ಆರ್ಸೆನಿಕ್. ಗಾಳಿಯಾಡದ ಆಳದಲ್ಲಿ ತುಕ್ಕು ಕರಗಿದಾಗ ಕಬ್ಬಿಣದ ಜೊತೆ ಆರ್ಸೆನಿಕ್ಕೂ ನೀರಿಗಿಳಿದಿತ್ತು. ಬೋಗುಣಿಯಲ್ಲಿ ನಡೆದದ್ದು ಅದರ ತಿರುವುಮುರುವು. ನೀರು, ಗಾಳಿ ತಾಕಿ ಮೊಳೆ ತುಕ್ಕು ಹಿಡಿಯಿತು, ತುಕ್ಕು ಆರ್ಸೆನಿಕ್ ಹಿಡಿಯಿತು, ಉದುರಿದ ಚಕ್ಕೆಯನ್ನು ಮರಳು ಹಿಡಿಯಿತು. ಬಾವಿಯ ನೀರಿನಲ್ಲೇ ಕರಗಿದ್ದ ಕಬ್ಬಿಣವೂ ಗಾಳಿಗೆ ತುಕ್ಕಾಗಿ ಕೈಜೋಡಿಸುತ್ತಿತ್ತು. ಆ ಕಬ್ಬಿಣ ಕಡಿಮೆಯಿದ್ದು, ಫಾಸ್ಫೇಟ್ ಹೆಚ್ಚಿದ್ದ ಕಡೆ, ತುಕ್ಕಿನ ಮೇಲೆ ಆರ್ಸೆನಿಕ್ ಕೂರಬೇಕಾದ ಜಾಗದಲ್ಲಿ ಫಾಸ್ಫೇಟ್ ಮೊದಲೇ ಕೂತುಬಿಟ್ಟಿತ್ತು.