ಅರ್ಧ ಬಾಡಿಗೆ, ಇನ್ನೊಂದು ಜೊತೆ ಕಣ್ಣು

ಪೈಲಟ್ ಆಗಬೇಕು ಅನ್ನೋ ಆಸೆಗೆ ಮೊದಲು ಎದುರಾಗೋದು ಆಕಾಶ ಅಲ್ಲ, ಮೀಟರ್. ಆಟೋದಲ್ಲಿ ಕೂತ ಹಾಗೇ. ಎಂಜಿನ್ ಶುರುವಾದ ಕ್ಷಣದಿಂದ ಬಾಡಿಗೆ ಓಡ್ತಾ ಇರುತ್ತದೆ. ರನ್‌ವೇ ಪಕ್ಕ ನಮ್ಮ ಸರದಿಗೆ ಕಾಯುವಾಗಲೂ ಅದು ನಿಲ್ಲೋದಿಲ್ಲ.

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಾಂತ್ಯದಲ್ಲಿ ಇಲ್ಲಿನ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣದಿಂದ ಸೆಸ್ನಾ 172 ಬಾಡಿಗೆಗೆ ತಗೊಂಡು ಹಾರುತ್ತೇನೆ. ಕೈಯಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಮುಂದಿನ ಮೆಟ್ಟಿಲು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಕೊಂಡೇ ಹಾರುವ ಅರ್ಹತೆ. ಅಮೆರಿಕದ ಸಾಮಾನ್ಯ ನಿಯಮದಂತೆ ಅದಕ್ಕೆ 40 ಗಂಟೆ ಇನ್‌ಸ್ಟ್ರುಮೆಂಟ್ ಅಭ್ಯಾಸ ಬೇಕು, ಜೊತೆಗೆ ಪೈಲಟ್ ಇನ್ ಕಮಾಂಡ್ (ಪಿಐಸಿ) ಆಗಿ 50 ಗಂಟೆ ಕ್ರಾಸ್ ಕಂಟ್ರಿ ಹಾರಾಟ. ಕಮರ್ಷಿಯಲ್ ಲೈಸೆನ್ಸ್‌ಗೆ ಒಟ್ಟು 250 ಗಂಟೆ. ದೊಡ್ಡ ಏರ್‌ಲೈನ್ ಕನಸಿದ್ದರೆ 1500.

ಒಬ್ಬರೇ ಬಾಡಿಗೆ ಕೊಟ್ಟು ಇಷ್ಟು ಗಂಟೆ ಕೂಡಿಸೋದು ಸಂಬಳದವರಿಗೆ ಕಷ್ಟ. ಅದಕ್ಕೇ ಇಲ್ಲಿ ಬಹಳ ಜನ ಹಿಡಿಯೋ ದಾರಿ ಸೇಫ್ಟಿ ಪೈಲಟ್ ಜೊತೆ ಹಾರೋದು.

ಪಕ್ಕದ ಸೀಟಿನವರ ಕೆಲಸ

ಇನ್‌ಸ್ಟ್ರುಮೆಂಟ್ ಅಭ್ಯಾಸ ಮಾಡುವಾಗ ಹಣೆಗೆ ಹುಡ್ ಹಾಕಿಕೊಳ್ಳುತ್ತೇವೆ, ಇಲ್ಲಾಂದ್ರೆ ಮೇಲರ್ಧ ಮಸುಕಾಗಿರುವ ಕನ್ನಡಕ. ಎದುರಿನ ಉಪಕರಣಗಳು ಬಿಟ್ಟರೆ ಬೇರೇನೂ ಕಾಣಬಾರದು. ಹಾಗಾದರೆ ಎದುರಿಗೆ ಬೇರೆ ವಿಮಾನ ಬಂದರೆ ನೋಡೋರು ಯಾರು? ಪಕ್ಕದ ಸೀಟಿನಲ್ಲಿರುವ ಇನ್ನೊಬ್ಬ ಪೈಲಟ್. ಅವರೇ ಸೇಫ್ಟಿ ಪೈಲಟ್. ಅವರ ಬಳಿ ಕನಿಷ್ಠ ಪ್ರೈವೇಟ್ ಲೈಸೆನ್ಸ್ ಇರಬೇಕು, ಆ ಬಗೆಯ ವಿಮಾನಕ್ಕೆ ಅರ್ಹತೆ ಇರಬೇಕು, ವೈದ್ಯಕೀಯ ಅರ್ಹತೆ ಚಾಲ್ತಿಯಲ್ಲಿರಬೇಕು. ವಿಮಾನಕ್ಕೆ ಎರಡೂ ಕಡೆ ಕಂಟ್ರೋಲ್ ಇರಬೇಕು.

ಈ ಹಾರಾಟಕ್ಕೆ ಇಬ್ಬರು ಕಾನೂನಿನ ಪ್ರಕಾರವೇ ಬೇಕು. ಹಾಗಾಗಿ ಹುಡ್ ಹಾಕಿದ್ದಷ್ಟು ಹೊತ್ತು ಇಬ್ಬರೂ ಲಾಗ್‌ಬುಕ್‌ನಲ್ಲಿ ಗಂಟೆ ಬರೆದುಕೊಳ್ಳಬಹುದು. ಬಾಡಿಗೆ ಮಾತ್ರ ಅರ್ಧ ಅರ್ಧ.

ಲೆಕ್ಕ ಹಾಕಿ ನೋಡೋಣ

ಲೆಕ್ಕ ಸುಲಭವಾಗಲಿ ಅಂತ ಇಂಧನ ಸೇರಿ ಗಂಟೆಗೆ 180 ಡಾಲರ್ ಬಾಡಿಗೆ ಅಂದುಕೊಳ್ಳಿ. ಸ್ಯಾನ್ ಹೋಸೆಯಿಂದ ಸಲಿನಾಸ್ ಕಣಿವೆಯ ಗುಂಟ ದಕ್ಷಿಣಕ್ಕೆ, 200 ಕಿಲೋಮೀಟರಿಗಿಂತ ತುಸು ಆಚೆಗಿರುವ ಪಾಸೊ ರೋಬ್ಲೆಸ್‌ಗೆ ಹೋಗುತ್ತೇವೆ. ಹೋಗುವಾಗ ನಾನು ಹುಡ್ ಹಾಕುತ್ತೇನೆ, ಬರುವಾಗ ಜೊತೆಗಾರ. ಒಂದು ಕಡೆಗೆ ಮೀಟರ್ 1.5 ಗಂಟೆ, ಅದರಲ್ಲಿ ಹುಡ್ ಸಮಯ 1.2 ಗಂಟೆ.

ಎರಡೂ ಕಡೆ ಸೇರಿ 3 ಗಂಟೆ, 540 ಡಾಲರ್. ತಲಾ 270. ನಾನು ಹಾರಿಸಿದ್ದು 1.5, ಸೇಫ್ಟಿ ಪೈಲಟ್ ಆಗಿದ್ದು 1.2, ಒಟ್ಟು 2.7 ಗಂಟೆ. ಅಂದರೆ ಗಂಟೆಗೆ 100 ಡಾಲರ್. ಒಬ್ಬಳೇ ಹೋಗಿದ್ದರೆ ಅದೇ 270ಕ್ಕೆ ಸಿಗುತ್ತಿದ್ದದ್ದು ಒಂದೂವರೆ ಗಂಟೆ ಮಾತ್ರ.

ಆದರೆ ಎಲ್ಲದರಲ್ಲೂ ಉಳಿತಾಯ ಇದೆ ಅಂತಲ್ಲ. ಇಲ್ಲಿ ಕ್ರಾಸ್ ಕಂಟ್ರಿ ಅಂದರೆ 50 ನಾಟಿಕಲ್ ಮೈಲಿಗಿಂತ (ಸುಮಾರು 93 ಕಿ.ಮೀ.) ದೂರ ಹೋಗಿ ಇಳಿಯೋದು. ಇಳಿಸಿದ್ದು ಹಾರಿಸಿದವರು, ಹಾಗಾಗಿ ಸೇಫ್ಟಿ ಪೈಲಟ್‌ಗೆ ಅದು ಕ್ರಾಸ್ ಕಂಟ್ರಿ ಅಲ್ಲ. ನನ್ನ 2.7ರಲ್ಲಿ ಆ ಖಾತೆಗೆ ಹೋಗೋದು 1.5 ಅಷ್ಟೇ. ಆ 50 ಗಂಟೆಯ ಮಟ್ಟಿಗೆ ಒಂದು ಡಾಲರೂ ಉಳಿಯೋದಿಲ್ಲ! ಉಳಿಯೋದು ಒಟ್ಟು ಗಂಟೆಯಲ್ಲಿ, ಮತ್ತೆ ಇನ್‌ಸ್ಟ್ರುಮೆಂಟ್ ಅಭ್ಯಾಸದಲ್ಲಿ. 40 ಗಂಟೆಯಲ್ಲಿ 15 ಇನ್‌ಸ್ಟ್ರಕ್ಟರ್ ಜೊತೆಗೇ ಆಗಬೇಕು. ಉಳಿದದ್ದನ್ನು ಸೇಫ್ಟಿ ಪೈಲಟ್ ಜೊತೆ ಮಾಡಿದರೆ ಇನ್‌ಸ್ಟ್ರಕ್ಟರ್ ಫೀಸು ಉಳಿಯುತ್ತದೆ.

ಹೊಲಿಸ್ಟರ್ ಬಳಿಯ ಬಿಳಿ ಗ್ಲೈಡರ್

ಹಣದ ಲೆಕ್ಕ ಇಷ್ಟು. ಆದರೆ ನಾವು ನಿಜಕ್ಕೂ ಹಂಚಿಕೊಳ್ಳೋದು ಬಾಡಿಗೆಯನ್ನಲ್ಲ ಅಂತ ನನಗೆ ಮನವರಿಕೆ ಆಗಿದ್ದು ಹೊಲಿಸ್ಟರ್ ಊರಿನ ಮೇಲೆ. ಅಲ್ಲಿ ಗ್ಲೈಡರ್‌ಗಳು ಹಾರುತ್ತವೆ. ಎಂಜಿನ್ ಇಲ್ಲದ, ತೆಳ್ಳಗಿನ ಬಿಳಿ ವಿಮಾನಗಳು. ಎದುರಿನಿಂದ ಬಂದರೆ ರೆಕ್ಕೆ ಒಂದು ಗೆರೆಯಷ್ಟೇ ಕಾಣುತ್ತದೆ. ಎಷ್ಟೋ ಗ್ಲೈಡರ್‌ಗಳಲ್ಲಿ ಟ್ರಾನ್ಸ್‌ಪಾಂಡರ್ ಇರೋದಿಲ್ಲ, ಹಾಗಾಗಿ ನಮ್ಮ ಟ್ಯಾಬ್ಲೆಟ್‌ನಲ್ಲಿ ಕಾಣಿಸದೆಯೂ ಇರಬಹುದು.

ಅವತ್ತು ಹುಡ್ ಹಾಕಿದ್ದವಳು ನಾನು. ನನ್ನ ಜಗತ್ತು ಅಂದರೆ ಎದುರಿನ ಆರು ಡಯಲ್. ಪಕ್ಕದಲ್ಲಿದ್ದವನು ದಾವಣಗೆರೆ ಕಡೆಯ ಹುಡುಗ, ಮಾತು ಕಡಿಮೆ. ಇದ್ದಕ್ಕಿದ್ದಂತೆ "ಮೈ ಕಂಟ್ರೋಲ್ಸ್" ಅಂದ. ನಾನು ಕೈ ಬಿಟ್ಟು "ಯುವರ್ ಕಂಟ್ರೋಲ್ಸ್" ಅಂದೆ. ವಿಮಾನ ಬಲಕ್ಕೆ ವಾಲಿತು. ಸ್ವಲ್ಪ ಹೊತ್ತಿನ ಮೇಲೆ, "ಗ್ಲೈಡರ್ ಇತ್ತು ರೀ, ಹನ್ನೊಂದು ಗಂಟೆ ದಿಕ್ಕಲ್ಲಿ, ನಮ್ಮ ಎತ್ತರದಲ್ಲೇ. ಈಗ ಹಿಂದೆ ಹೋಯ್ತು" ಅಂತ ಹೇಳಿ ಕಂಟ್ರೋಲ್ ವಾಪಸ್ ಕೊಟ್ಟ. ಟ್ಯಾಬ್ಲೆಟ್ ಮೇಲೆ ಏನೂ ಇರಲಿಲ್ಲ. ಅವನು ಫೋನ್ ನೋಡ್ತಾ ಕೂತಿದ್ದರೆ? ಅವನ ಜೊತೆ ಹಾರೋದು ನನಗೆ ಯಾಕೆ ಇಷ್ಟ ಅನ್ನೋದಕ್ಕೆ ಬೇರೆ ಕಾರಣ ಬೇಕಿಲ್ಲ.

ನೆಲದ ಮೇಲೇ ಮುಗಿಸಬೇಕಾದ ಮಾತು

ಕೈ ಬದಲಾಗಿದ್ದು ಅಷ್ಟು ಸಲೀಸಾಗಿ ನಡೆಯಿತು ಅಂದರೆ, ಆ ಮಾತು ಎಂಜಿನ್ ಶುರು ಮಾಡೋ ಮೊದಲೇ ಆಗಿತ್ತು. ನಾವು ಪ್ರತಿ ಸಲವೂ ನಾಲ್ಕು ವಿಷಯ ಮಾತಾಡಿಕೊಳ್ಳುತ್ತೇವೆ.

ಒಂದು, ಹುಡ್ ಸಮಯದಲ್ಲಿ ಪಿಐಸಿ ಯಾರು. ಸೇಫ್ಟಿ ಪೈಲಟ್ ಪಿಐಸಿ ಹೊಣೆ ಹೊತ್ತರೆ ಆ ಸಮಯವನ್ನು ಪಿಐಸಿ ಅಂತಲೇ ಬರೆದುಕೊಳ್ಳಬಹುದು. ಹೊರದಿದ್ದರೆ ಎಸ್‌ಐಸಿ, ಅಂದರೆ ಎರಡನೇ ಪೈಲಟ್. ಆದರೆ ಹೊಣೆ ಅಂದರೆ ಬಾಯಿಮಾತಲ್ಲ. ಏನಾದರೂ ಆದರೆ ಉತ್ತರ ಕೊಡಬೇಕಾದವರು ಅವರೇ. ಬಾಡಿಗೆ ಕ್ಲಬ್‌ನ ಇನ್ಶೂರೆನ್ಸ್ ಅವರನ್ನು ಪಿಐಸಿ ಅಂತ ಒಪ್ಪುತ್ತದಾ ಅಂತಲೂ ನೋಡಿಕೊಳ್ಳಬೇಕು.

ಎರಡು, ಕಂಟ್ರೋಲ್ ತಗೊಳ್ಳುವಾಗ ಹೇಳೋ ಮಾತು. ತಗೊಂಡ ಮೇಲೆ ವಾದ ಇಲ್ಲ.

ಮೂರು, ಮೋಡದ ಹತ್ತಿರ ಹೋಗೋದಿಲ್ಲ. ಹುಡ್ ಇರೋದು ಅಭ್ಯಾಸಕ್ಕೆ. ನಿಜವಾದ ಮೋಡದೊಳಗೆ ಹೋಗೋಕೆ ಬೇರೆಯೇ ಅರ್ಹತೆ, ಬೇರೆಯೇ ಅನುಮತಿ ಬೇಕು.

ನಾಲ್ಕು, ದುಡ್ಡು. ಪ್ರೈವೇಟ್ ಲೈಸೆನ್ಸ್ ಇಟ್ಟುಕೊಂಡು ಹಾರಾಟದಿಂದ ಸಂಪಾದನೆ ಮಾಡುವಂತಿಲ್ಲ. ಇಳಿದ ಕೂಡಲೇ ಅರ್ಧ ಅರ್ಧ ಕೊಟ್ಟು ಮುಗಿಸುತ್ತೇವೆ, ಬಾಕಿ ಇಡೋದಿಲ್ಲ.

ಲಾಗ್‌ಬುಕ್ ಬರೆಯುವಾಗಲೂ ಅಷ್ಟೇ ಕಟ್ಟುನಿಟ್ಟು. ಹುಡ್ ಹಾಕಿದವರು ಸೇಫ್ಟಿ ಪೈಲಟ್ ಹೆಸರು ಬರೆಯಲೇಬೇಕು. ಸೇಫ್ಟಿ ಪೈಲಟ್ ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್ ಸಮಯ ಬರೆಯುವಂತಿಲ್ಲ. ಒಮ್ಮೆ ಒಬ್ಬರು ನನಗೆ, "ಯಾರು ನೋಡ್ತಾರೆ, ಇಬ್ಬರೂ ಪೂರ್ತಿ ಒಂದೂವರೆ ಹಾಕ್ಕೊಳ್ಳೋಣ" ಅಂದರು. ಒಂದು ಸಲಕ್ಕೆ ಹದಿನೆಂಟು ನಿಮಿಷದ ಸುಳ್ಳು. ಆದರೆ ಸುಳ್ಳು ಲಾಗ್‌ಗೆ ಇಲ್ಲಿ ಲೈಸೆನ್ಸೇ ಹೋಗಬಹುದು. ಮತ್ತೆ ಅವರ ಜೊತೆ ನಾನು ಹಾರಲಿಲ್ಲ.

ಸಾಗರದಿಂದ ಬಂದ ಪ್ರಶ್ನೆ

ಸಾಗರದಲ್ಲಿರುವ ಚಿಕ್ಕಮ್ಮನ ಮಗ ಮೊನ್ನೆ ಫೋನ್ ಮಾಡಿದ್ದ. ಜಕ್ಕೂರಿನ ಮೇಲೆ ಪುಟ್ಟ ವಿಮಾನ ಹಾರೋದನ್ನ ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತು ನೋಡಿ ಆಸೆ ಹತ್ತಿಸಿಕೊಂಡವನು. "ಅಕ್ಕಾ, ಅಲ್ಲಿಗೆ ಬಂದು ಹಿಂಗೆ ಪಾಲು ಹಾಕ್ಕೊಂಡು ಗಂಟೆ ಮಾಡಿದ್ರೆ ಅರ್ಧ ದುಡ್ಡಲ್ಲಿ ಮುಗಿಯತ್ತಂತೆ. ಅಪ್ಪ ತೋಟದ ಮೇಲೆ ಸಾಲ ತೆಗೆಯಕ್ಕೆ ರೆಡಿ ಇದಾರೆ" ಅಂದ.

ಅಡಿಕೆ ತೋಟದ ಮಾತು ಬಂದ ಮೇಲೆ ನಾನು ಸುಮ್ಮನೆ "ಬಾ" ಅನ್ನೋಕಾಗಲ್ಲ. ಅವನಿಗೆ ಹೇಳಿದ್ದು ಇಷ್ಟು. ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸ್ ಕೊಡೋದು ಡಿಜಿಸಿಎ. ಅದಕ್ಕೆ ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ಪಿಐಸಿ ಬೇಕು. ಅಮೆರಿಕದ ನಿಯಮದಲ್ಲಿ ಪಿಐಸಿ ಅಂತ ಬರೆದದ್ದೆಲ್ಲ ಅಲ್ಲೂ ಪಿಐಸಿ ಅಂತ ತಾನಾಗಿಯೇ ಲೆಕ್ಕಕ್ಕೆ ಬರುತ್ತೆ ಅಂದುಕೊಳ್ಳಬೇಡ. ಡಿಜಿಸಿಎ ನಿಯಮವನ್ನೇ ತೆಗೆದು ಓದು, ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳು. ಶಾಲೆಯ ಏಜೆಂಟ್ ಮಾತು ಸಾಲದು. ಸಾಲದ ಲೆಕ್ಕ ಹಾಕುವಾಗ ಈ ಹಂಚಿಕೊಂಡ ಗಂಟೆ ಒಂದೂ ಸೇರೋದಿಲ್ಲ ಅಂತಲೇ ಹಾಕು. ಸೇರಿದರೆ ಲಾಭ, ಸೇರದಿದ್ದರೆ ತೋಟ ಉಳಿಯುತ್ತೆ.

ಅವನಿಗೆ ಸ್ವಲ್ಪ ಬೇಜಾರಾಯಿತು. ಚಿಕ್ಕಪ್ಪ ಮಾತ್ರ ಮಾರನೇ ದಿನ ತಾವೇ ಫೋನ್ ಮಾಡಿ ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಕೇಳಿದರು.

ಯಾರ ಜೊತೆ ಹಾರಬೇಕು

ಅಮೆರಿಕದಲ್ಲೇ ಇದ್ದು ಹಾರುತ್ತಿರುವ ನಮ್ಮವರು ಈಗ ಸಾಕಷ್ಟಿದ್ದಾರೆ. ಭಾಷೆ ಒಂದೇ ಅಂತ, ಊರು ಹತ್ತಿರ ಅಂತ ಜೊತೆಗಾರರನ್ನು ಆರಿಸಬೇಡಿ. ಮೊದಲ ಸಲ ಹತ್ತಿರದ ಒಂದು ಊರಿಗೆ, ಹುಡ್ ಇಲ್ಲದೆ, ಸುಮ್ಮನೆ ಹೋಗಿ ಬನ್ನಿ. ಹೊರಡೋ ಮುನ್ನ ಚೆಕ್‌ಲಿಸ್ಟ್ ಓದುತ್ತಾರಾ? ಹವಾಮಾನ ಸರಿಯಿಲ್ಲ ಅಂದಾಗ "ಇವತ್ತು ಬೇಡ" ಅನ್ನೋ ಧೈರ್ಯ ಇದೆಯಾ? ನೀವು ಹಾರಿಸುವಾಗ ಅವರ ಕಣ್ಣು ಎಲ್ಲಿರುತ್ತದೆ? ಕಿಟಕಿಯಾಚೆಗಾ, ಫೋನ್ ಮೇಲಾ?

ಇದೇ ಪ್ರಶ್ನೆಗಳನ್ನು ಅವರೂ ನಿಮ್ಮ ಬಗ್ಗೆ ಕೇಳಿಕೊಳ್ಳುತ್ತಿರುತ್ತಾರೆ. ಅರ್ಧ ಬಾಡಿಗೆ ಕೊಡೋರು ಎಲ್ಲಿ ಬೇಕಾದರೂ ಸಿಗುತ್ತಾರೆ. ನಿಮ್ಮ ಕಣ್ಣಿಗೆ ಪರದೆ ಇದ್ದಾಗ ತಮ್ಮ ಕಣ್ಣನ್ನು ಪೂರ್ತಿ ಕೊಡೋರು ಸಿಕ್ಕರೆ ಬಿಡಬೇಡಿ.