ತಪ್ಪು ಅಚ್ಚಿನ ನಾಣ್ಯಕ್ಕೆ ನಾಳೆಯೂ ಬೆಲೆ ಇರುತ್ತಾ?

ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಅನ್ನೋ ವಿಡಿಯೋ ನಮ್ಮ ಹಾಸ್ಟೆಲ್ ಗ್ರೂಪಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬರ್ತದೆ. ನಕ್ಕು ಮುಂದೆ ಹೋಗ್ತಿದ್ದೆವು. ಆದರೆ ಈ ಸೆಮಿಸ್ಟರಿನಲ್ಲಿ ಸಾಲಿಗ್ರಾಮದ ಜೂನಿಯರ್ ಒಬ್ಬನ ಮನೆಯಲ್ಲಿ ನಿಜವಾಗಿಯೂ ಒಂದು ವಿಚಿತ್ರ ನಾಣ್ಯ ಸಿಕ್ಕಿತು. ಅವನ ಅಜ್ಜಿಯ ಎಲೆಅಡಿಕೆ ಅಂಗಡಿಯ ಗಲ್ಲಾದಲ್ಲಿದ್ದ ಹತ್ತು ರೂಪಾಯಿ. ಒಳಗಿನ ಬಿಳಿ ಬಿಲ್ಲೆ ಪಕ್ಕಕ್ಕೆ ಜರುಗಿ ಹಳದಿ ಉಂಗುರದ ಮೇಲೆ ಹತ್ತಿ ಕೂತಿದೆ. ಫೋಟೋ ಹಾಕಿದ್ದೇ ತಡ, ಯಾರೋ ಒಬ್ಬ ಎರಡು ಲಕ್ಷ ಕೊಡ್ತೀನಿ ಅಂದ. ಮೊದಲು 'ರಿಜಿಸ್ಟ್ರೇಷನ್' ಅಂತ ಎರಡೂವರೆ ಸಾವಿರ ಕಳಿಸಿ ಅಂತಲೂ ಅಂದ.

ಕಳಿಸಬೇಡಿ. ಕೊಳ್ಳುವವನು ದುಡ್ಡು ಕೊಡ್ತಾನೆ, ಕೇಳೋದಿಲ್ಲ. ಹಳೆ ನೋಟು, ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ತನ್ನ ಹೆಸರಲ್ಲಿ ಯಾರೂ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಿದೆ. ವೈಷ್ಣೋದೇವಿ ನಾಣ್ಯವಂತೂ ತಪ್ಪೂ ಅಲ್ಲ, ಅಪರೂಪವೂ ಅಲ್ಲ. 2012ರ ಇಸವಿ ಹೊತ್ತು, ಸರ್ಕಾರವೇ ಚಲಾವಣೆಗೆ ಬಿಟ್ಟ ಸ್ಮರಣಾರ್ಥ ನಾಣ್ಯ.

ಅಜ್ಜಿಯ ನಾಣ್ಯದ ಕತೆ ಬೇರೆ. ಉಂಗುರ ಮತ್ತು ಬಿಲ್ಲೆ ಬೇರೆಬೇರೆಯಾಗಿ ಪ್ರೆಸ್ಸಿಗೆ ಬರ್ತವೆ. ಎರಡು ಡೈಗಳ ನಡುವೆ ಒಂದೇ ಏಟಿಗೆ ಅಚ್ಚೂ ಮೂಡಬೇಕು, ಎರಡೂ ಒಂದಕ್ಕೊಂದು ಕಚ್ಚಿಕೊಳ್ಳಲೂ ಬೇಕು. ಫೀಡ್ ಒಂದು ಕ್ಷಣ ತಪ್ಪಿದರೆ ಬಿಲ್ಲೆ ಓರೆಯಾಗಿ ಬೀಳ್ತದೆ. ಹೀಗೆ ಆದದ್ದನ್ನು ಮನೆಯಲ್ಲಿ ಸುತ್ತಿಗೆ ಹಿಡಿದು ಮಾಡೋದು ಕಷ್ಟ, ಯಾಕೆಂದರೆ ಅಕ್ಷರಗಳು ಜರುಗಿದ ಲೋಹದ ಮೇಲೂ ಮುರಿಯದೆ ಹರಿದಿರಬೇಕು. ತೂಕವೂ ಹೇಳ್ತದೆ: ಹತ್ತು ರೂಪಾಯಿ ನಾಣ್ಯ 7.71 ಗ್ರಾಂ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಇರೋದು ಇಂಥದಕ್ಕೂ ಆಗ್ತದೆ.

ಎಲ್ಲ ಜೋಡಿ ಅಕ್ಷರವೂ ಬೆಲೆಯ ತಪ್ಪಲ್ಲ, ಇಲ್ಲೇ ಬಹಳ ಜನ ಎಡವೋದು. ಡೈ ತಯಾರಿಸುವಾಗಲೇ ಮೂಲ ಅಚ್ಚು ಅದರ ಮೇಲೆ ಎರಡು ಸಲ, ಸ್ವಲ್ಪ ಜರುಗಿ ಒತ್ತಿದ್ದರೆ ಆ ಡೈಯಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ ಗೆರೆ ಉಬ್ಬಿ ಕಾಣ್ತದೆ. ಡೈ ಸಡಿಲವಾಗಿ ಅದುರಿದರೆ ಬರುವ ಜೋಡಿ ಗೆರೆ ಚಪ್ಪಟೆ, ಮೆಟ್ಟಿಲಿನ ಹಾಗೆ. ಮೊದಲನೆಯದನ್ನು ಸಂಗ್ರಾಹಕರು ಹುಡುಕ್ತಾರೆ, ಎರಡನೆಯದು ರಾಶಿ ರಾಶಿ ಸಿಗ್ತದೆ. ಒಂದು ಭೂತಗನ್ನಡಿ ಸಾಕು ವ್ಯತ್ಯಾಸ ನೋಡೋಕೆ.

ತಪ್ಪಿಗೆ ಬೆಲೆ ಬಂದದ್ದೇ ಯಂತ್ರ ಬಂದ ಮೇಲೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹೊಡೆಸಿದ ಆನೆ ಚಿತ್ರದ ತಾಮ್ರದ ನಾಣ್ಯಗಳನ್ನು ನೋಡಿ: ಒಂದರಲ್ಲಿ ಸೊಂಡಿಲಿಲ್ಲ, ಇನ್ನೊಂದರಲ್ಲಿ ಬಾಲವಿಲ್ಲ. ಕೈಯಲ್ಲಿ ಹೊಡೆದ ಅಚ್ಚು ಮಧ್ಯಕ್ಕೆ ಬೀಳದಿರೋದು ಅಲ್ಲಿ ಮಾಮೂಲು. ಆನೆ ಪೂರ್ತಿ ಬಂದ ನಾಣ್ಯಕ್ಕೇ ಅಲ್ಲಿ ಹೆಚ್ಚು ಬೆಲೆ!

ಸರಿ, ಇವತ್ತು ಬಂದ ಬೆಲೆ ನಿಲ್ಲುತ್ತಾ? 2007ರಲ್ಲಿ ಅಮೆರಿಕದಲ್ಲಿ ವಾಷಿಂಗ್ಟನ್ ಚಿತ್ರದ ಒಂದು ಡಾಲರ್ ನಾಣ್ಯ ಬಂತು. ಅಂಚಿನ ಬರಹವನ್ನು ಬೇರೆ ಯಂತ್ರದಲ್ಲಿ ಒತ್ತಬೇಕಿತ್ತು. ಒಂದಷ್ಟು ಆ ಯಂತ್ರಕ್ಕೆ ಹೋಗದೆ ಹೊರಬಿದ್ದವು. ಮೊದಲ ದಿನಗಳಲ್ಲಿ ಒಂದೊಂದು ನೂರಾರು ಡಾಲರಿಗೆ ಹೋಯಿತು. ಆಮೇಲೆ ಗೊತ್ತಾಯಿತು, ಅಂಥವು ಸಾವಿರಾರು ಇವೆ ಅಂತ. ಕೆಲವೇ ವಾರಗಳಲ್ಲಿ ಬೆಲೆ ಕುಸಿಯಿತು. ಮೊದಲು ಕೊಂಡವರು ಕೊಂಡದ್ದು ನಾಣ್ಯವನ್ನಲ್ಲ, ಸುದ್ದಿಯನ್ನು.

ಆದರೆ 1955ರ ಜೋಡಿ ಅಚ್ಚಿನ ಲಿಂಕನ್ ಸೆಂಟ್ ಕೂಡ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೊರಬಂದಿದೆ. ಬಹಳಷ್ಟು ಸಿಗರೇಟ್ ಪ್ಯಾಕಿನೊಳಗೆ ಚಿಲ್ಲರೆಯಾಗಿ ಜನರ ಕೈ ಸೇರಿದವು. ಅದರ ಬೆಲೆ ಇವತ್ತೂ ಗಟ್ಟಿ. ಯಾಕೆ? ಬರಿಗಣ್ಣಿಗೇ ಕಾಣ್ತದೆ, ಕ್ಯಾಟಲಾಗಿನಲ್ಲಿ ಜಾಗ ಪಡೆದಿದೆ, ಆಲ್ಬಮ್ಮಿನಲ್ಲಿ ಅದಕ್ಕೊಂದು ಖಾಲಿ ಗುಂಡಿ ಬಿಟ್ಟಿರ್ತಾರೆ. ಬ್ರಿಟನ್ನಿನ ಇಸವಿಯಿಲ್ಲದ 20 ಪೆನ್ಸ್ ನಾಣ್ಯದ್ದೂ ಅದೇ ಕತೆ. 2008ರಲ್ಲಿ ಹೊಸ ವಿನ್ಯಾಸದ ಒಂದು ಮುಖಕ್ಕೆ ಹಳೆ ಡೈಯ ಇನ್ನೊಂದು ಮುಖ ಜೋಡಿಯಾಗಿ ಇಸವಿಯೇ ಮಾಯವಾಯಿತು.

ನಮ್ಮಲ್ಲಿ ಈ ಕೆಲಸ ಮಾಡೋದು ಟಂಕಸಾಲೆ ಗುರುತು. ಇಸವಿಯ ಕೆಳಗೆ ವಜ್ರದಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. (ಮೈಸೂರಿನ ಮೇಟಗಳ್ಳಿಯಲ್ಲಿ ಅಚ್ಚಾಗೋದು ನೋಟು, ನಾಣ್ಯ ಅಲ್ಲ.) ಇಸವಿ ಮತ್ತು ಗುರುತಿನ ಜೋಡಿಗಳನ್ನು ಕ್ಯಾಟಲಾಗು ಪಟ್ಟಿ ಮಾಡ್ತದೆ, ಪಟ್ಟಿ ತುಂಬಿಸುವ ಹಟ ಇರೋರು ಎಂದಿಗೂ ಇರ್ತಾರೆ. ಓರೆ ಬಿಲ್ಲೆಯ ನಾಣ್ಯಕ್ಕೆ ಹಾಗೆ ಪಟ್ಟಿ ಇಲ್ಲ, ಪ್ರತಿಯೊಂದೂ ತನ್ನಷ್ಟಕ್ಕೆ ಒಂದು. ಅದನ್ನು ಇಷ್ಟಪಟ್ಟ ಇಬ್ಬರು ಒಂದೇ ಹರಾಜಿನಲ್ಲಿ ಸಿಕ್ಕರೆ ಬೆಲೆ ಏರ್ತದೆ, ಒಬ್ಬನೇ ಬಂದರೆ ಅವನು ಹೇಳಿದ್ದೇ ಬೆಲೆ. ನಮ್ಮ ಲೆಕ್ಕದಲ್ಲಿ ಗುರುತಿನ ಬೆಲೆ ನಿಧಾನ, ಆದರೆ ನಿಲ್ತದೆ. ತಪ್ಪಿನ ಬೆಲೆ ದೊಡ್ಡದು, ಆದರೆ ಮುಂದಿನ ಗಿರಾಕಿ ಸಿಗೋವರೆಗೆ ಅದು ಬರೀ ಮಾತು.

ಅಜ್ಜಿಯ ನಾಣ್ಯ ಮುಖಬೆಲೆಗಿಂತ ಹೆಚ್ಚು ತರ್ತದೆ, ಲಕ್ಷ ತರೋದಿಲ್ಲ. ಅವನಿಗೂ ಅಷ್ಟೇ ಹೇಳಿದ್ದೇವೆ. ಹಾಗೇ, ಚಿತ್ರ ಬೇರೆ ಇದೆ ಅಂತ ಹತ್ತು ರೂಪಾಯಿ ನಾಣ್ಯ ಬೇಡ ಅನ್ನೋ ಅಂಗಡಿಯವರಿಗೆ: ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ.

ಇಂಥದೇನಾದರೂ ನಿಮ್ಮ ಮನೆಯಲ್ಲೂ ಸಿಕ್ಕರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಸಂಗ್ರಾಹಕ ಮೊದಲು ನೋಡೋದೇ ಮೂಲ ಮೈಬಣ್ಣ, ಹೊಳಪು ಬಂದ ಕೂಡಲೇ ಬೆಲೆ ಅರ್ಧ ಇಳಿದ ಹಾಗೆ. ಅಂಚು ಹಿಡಿದು ಎತ್ತಿ, ಒಣ ಕಾಗದದ ಲಕೋಟೆಯಲ್ಲಿಡಿ. ಸಿಕ್ಕಿದ ದಿನ, ತೂಕ ಮೇಲೆ ಬರೆದಿಡಿ.